ಮೊದಲು ಬೆರಳು, ಆಮೇಲೆ ಇಡ್ಲಿ

ನಮ್ಮ ಸಂಘದಲ್ಲಿ ಯಾವ ಕಾರ್ಯಕ್ರಮ ಇಟ್ಟರೂ ಸಭೆಯಲ್ಲಿ ಮೊದಲು ಚರ್ಚೆಗೆ ಬರುವುದು ಉಪಾಹಾರ. ಭಾಷಣಕ್ಕೆ ಯಾರು, ವಿಷಯ ಏನು ಎಂಬುದೆಲ್ಲ ಆಮೇಲೆ. ಡೊಂಬಿವಲಿ ಪೂರ್ವದ ನಾಲ್ಕಾರು ಸೊಸೈಟಿಗಳ ಕನ್ನಡದವರು ಸೇರಿ ಕಟ್ಟಿಕೊಂಡ ಸಣ್ಣ ಸಂಘ ಅದು. ಉಡುಪಿ ಕಡೆಯವರು ಅರ್ಧ, ಹುಬ್ಬಳ್ಳಿ-ಗದಗದ ಕಡೆಯವರು ಅರ್ಧ. ಸಾಂಬಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂಬ ವಿಷಯದಲ್ಲಿ ಈ ಎರಡು ಅರ್ಧಗಳಿಗೆ ಇವತ್ತಿನವರೆಗೂ ಒಮ್ಮತವಾಗಿಲ್ಲ. ಆದರೆ ಬಂದವರನ್ನು ಬರಿ ಹೊಟ್ಟೆಯಲ್ಲಿ ಕಳಿಸಬಾರದು ಎಂಬಲ್ಲಿ ಎಲ್ಲರದೂ ಒಂದೇ ಮಾತು. ಒಮ್ಮೆ ಸಂತಾಪ ಸಭೆಗೆ ಚಹಾದ ಜೊತೆ ಬಿಸ್ಕತ್ತು ಸಾಕೋ, ಬಟಾಟೆವಡೆ ಇರಲೋ ಎಂದು ಅರ್ಧ ಗಂಟೆ ವಾದ ನಡೆದದ್ದಕ್ಕೆ ನಾನೇ ಸಾಕ್ಷಿ. ತೀರಿಹೋದವರಿಗೆ ವಡೆ ಬಹಳ ಇಷ್ಟವಿತ್ತು ಎಂದು ಯಾರೋ ನೆನಪಿಸಿದರು. ವಡೆ ಗೆದ್ದಿತು.

ಆ ವಡೆಗಳೆಲ್ಲ ಬರುತ್ತಿದ್ದದ್ದು ನಮ್ಮ ಹೋಟೆಲಿನಿಂದ. ನಮ್ಮವರು, ಎಂದರೆ ನನ್ನ ಗಂಡ, ಸ್ಟೇಷನ್ ಹತ್ತಿರ ಒಂದು ಸಣ್ಣ ಉಡುಪಿ ಹೋಟೆಲು ನಡೆಸುತ್ತಾರೆ. ಬೆಳಗ್ಗೆ ಲೋಕಲ್ ಹಿಡಿಯಲು ಓಡುವವರು ಇಡ್ಲಿ ನುಂಗಿ ಓಡುವ ಜಾಗ. ದುಡ್ಡು ತೆಗೆದುಕೊಳ್ಳುವ ಗಲ್ಲೆಯ ಹಿಂದೆ ಕುರ್ಚಿಯೊಂದು ಇದೆ, ಆದರೆ ಅದರ ಮೇಲೆ ಸದಾ ಕೂತಿರುವುದು ಬಾಳೆಎಲೆಯ ಕಟ್ಟು. ಗಿರಾಕಿ ನಿಂತು ತಿನ್ನುವಾಗ ತಾನು ಕೂತರೆ ಮರ್ಯಾದೆಯಲ್ಲ ಎಂದು ಇವರ ಸಿದ್ಧಾಂತ. ಹಾಗಾಗಿ ಬೆಳಗಿನಿಂದ ರಾತ್ರಿಯ ತನಕ ಇವರು ನಿಂತೇ ಇರುವವರು. ಮನೆಗೆ ಬಂದು ಕೂತರೆ ಮತ್ತೆ ಎಬ್ಬಿಸಲು ನಾನು ಬೇಕು.

ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನ ಬೈಗುಳದ ರುಚಿ ಸ್ವಲ್ಪ ಕಡಿಮೆಯಾಗುತ್ತದೆ, ಏನು ಮಾಡುವುದು.

ಒಂದು ಸಂಜೆ ಇವರು ಹೊರಗಿನಿಂದ ಬಂದು, ಕಾಲು ತೊಳೆದು, ಒಳಗೆ ನಡೆದು ಹೋದರು. ಹಿಂದೆ ನೆಲ ಒರೆಸಲು ಹೋದ ನನಗೆ ಬಿಳಿ ಟೈಲ್ಸಿನ ಮೇಲೆ ಕೆಂಪು ಕೆಂಪು ಗುರುತು ಕಂಡಿತು. ಬಾಗಿಲಿನಿಂದ ಸೋಫಾದ ತನಕ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ. ಬಲಗಾಲಿನ ಕಿರುಬೆರಳ ಬುಡದಲ್ಲಿ ಗಾಯವಾಗಿ ರಕ್ತ ಜಿನುಗುತ್ತಿತ್ತು. ಕಾಲಿನ ಯಜಮಾನರಿಗೆ ಸುದ್ದಿಯೇ ಇಲ್ಲ. ಟಿವಿ ಹಾಕಿ ಕೂತಿದ್ದರು.

“ಇದೆಂತ ಇದು?” ಎಂದೆ.

ಬಗ್ಗಿ ನೋಡಿದರು. “ಹೊಸ ಚಪ್ಪಲಿ ಅಲ್ವಾ, ಕಚ್ಚಿದೆ. ನೋವೇ ಇಲ್ಲ ಮಾರಾಯ್ತಿ.”

ಚಪ್ಪಲಿ ಕಚ್ಚುವುದು ಲೋಕದಲ್ಲಿ ಎಲ್ಲರಿಗೂ ಇದ್ದದ್ದೇ. ಅರಸಿನ ಹಚ್ಚಿದೆ, ತೆಂಗಿನೆಣ್ಣೆ ಹಚ್ಚಿದೆ. ಆ ಚಪ್ಪಲಿಯನ್ನು ಕಸದವನಿಗೆ ಕೊಟ್ಟು ಮೆತ್ತನೆಯ ಇನ್ನೊಂದು ತಂದೆ. ಕಚ್ಚಿದ ಚಪ್ಪಲಿ ಮನೆ ಬಿಟ್ಟುಹೋಗಿ ವಾರಗಳೇ ಕಳೆದರೂ ಗಾಯ ಮಾತ್ರ ಮನೆಯಲ್ಲೇ ಉಳಿಯಿತು. ಮೇಲೆ ಒಣಗಿದ ಹಾಗೆ ಕಾಣುವುದು, ಎರಡು ದಿನ ಬಿಟ್ಟು ಮತ್ತೆ ಒದ್ದೆ. ಕೇಳಿದರೆ ಅದೇ ಮಂತ್ರ: ನೋವೇ ಇಲ್ಲ.

ನಾನು ಹೆದರಲು ಕಾರಣವಿತ್ತು. ಇವರನ್ನು ಊರಿನಿಂದ ಕರೆತಂದು, ಕೆಲಸ ಕಲಿಸಿ, ಮನುಷ್ಯನನ್ನಾಗಿ ಮಾಡಿದ್ದು ಇವರ ಅಣ್ಣ. ಠಾಣೆಯ ಕೋಪರಿಯಲ್ಲಿ ಭಾವನವರದ್ದೂ ಒಂದು ಹೋಟೆಲಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಕಾಲಿನಲ್ಲಿ ಸಣ್ಣ ಗಾಯ ಅಂತ ಶುರುವಾದದ್ದು ಮೊದಲು ಬೆರಳು ತಿಂದಿತು, ಆಮೇಲೆ ಮೊಣಕಾಲಿನ ಕೆಳಗೆ ಪೂರ್ತಿ ತೆಗೆದರು. ಆಮೇಲೆ ಭಾವನವರು ಗಲ್ಲೆಯ ಹಿಂದೆ ಮಡಿಲಿಗೊಂದು ಟವೆಲು ಹಾಕಿಕೊಂಡು ಕೂರುತ್ತಿದ್ದರು. ಗಿರಾಕಿಗಳು ಚಿಲ್ಲರೆ ತೆಗೆದುಕೊಳ್ಳುವಾಗ ಆ ಟವೆಲಿನ ಕಡೆ ಒಮ್ಮೆ ಕಣ್ಣು ಹಾಯಿಸುವರು. ಅದನ್ನು ಸಹಿಸಲಾರದೆ ಅವರು ಹೋಟೆಲಿಗೆ ಬರುವುದನ್ನೇ ಬಿಟ್ಟರು, ಮತ್ತೆ ಹೆಚ್ಚು ಕಾಲ ಉಳಿಯಲಿಲ್ಲ. ಮನೆಯ ಮೆಟ್ಟಿಲಿಳಿಸಿ ಅವರನ್ನು ಎತ್ತಿಕೊಂಡು ಟ್ಯಾಕ್ಸಿಗೆ ಹತ್ತಿಸುತ್ತಿದ್ದದ್ದು ಇವರೇ.

“ಭಾವನವರಿಗೂ ಮೊದಲು ಹೀಗೇ ಸಣ್ಣ ಗಾಯ ಇದ್ದದ್ದು. ಒಮ್ಮೆ ಡಾಕ್ಟ್ರಿಗೆ ತೋರಿಸುವ,” ಎಂದೆ ಒಂದು ದಿನ, ಎದುರಿಗೇ.

“ಅಣ್ಣನ ಕಾಲು ಹೋದದ್ದು ಯಾವಾಗ? ಡಾಕ್ಟ್ರ ಹತ್ರ ಹೋದ ಮೇಲೆ,” ಎಂದು ಇವರು ಎದ್ದು ಹೋದರು.

ಈ ತರ್ಕದ ಎದುರು ಯಾವ ವಕೀಲರು ನಿಲ್ಲುತ್ತಾರೆ? ಗಾಯದಿಂದ ಕಾಲು ಹೋಗಲಿಲ್ಲವಂತೆ, ಡಾಕ್ಟರಿಂದ ಹೋಯಿತಂತೆ. ಹೋಗದಿದ್ದರೆ ಕಾಲು ಇರುತ್ತಿತ್ತಂತೆ. ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು, ಅದೂ ಗೊತ್ತಿತ್ತು. ಇವರಿಗೂ ಹೆದರಿಕೆ, ನನಗೂ ಹೆದರಿಕೆ. ಇಬ್ಬರೂ ಅದನ್ನು ಚಪ್ಪಲಿಯ ಮೇಲೆ ಹಾಕಿ ದಿನ ದೂಡುತ್ತಿದ್ದೆವು.

ನಾವು ಹೆಂಗಸರು ಬೆಳಗ್ಗೆ ಎಂಐಡಿಸಿ ಕೈಗಾರಿಕಾ ಪ್ರದೇಶದ ವಸತಿ ಭಾಗದ ರಸ್ತೆಯಲ್ಲಿ ವಾಕಿಂಗ್ ಹೋಗುತ್ತೇವೆ. ಕಾರ್ಖಾನೆಗಳ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಮೊದಲು ಮೂಗಿನಲ್ಲಿ ನೋಡಿ, ಮತ್ತೆ ಅದರ ವಿರುದ್ಧ ದಿಕ್ಕಿಗೆ ಆರೋಗ್ಯ ಸಂಪಾದಿಸಲು ಹೊರಡುವುದು ನಮ್ಮ ಪದ್ಧತಿ. ಈ ವಾಕಿಂಗ್ ಗುಂಪು ಕಟ್ಟಿದ್ದು ಸಂಘದ ಮಹಿಳಾ ವಿಭಾಗದ ಕಾರ್ಯದರ್ಶಿ, ನನ್ನ ಗೆಳತಿ. ಗದಗದ ಕಡೆಯವಳು. ಶಾಲೆಯಲ್ಲಿ ಆಟೋಟದ ಟೀಚರ್ ಆಗಿದ್ದು ನಿವೃತ್ತಳಾದವಳು. ನಿವೃತ್ತಿಯಾದದ್ದು ಕೆಲಸ ಮಾತ್ರ, ಗಂಟಲು ಇನ್ನೂ ಸರ್ವಿಸಿನಲ್ಲಿದೆ. ನಮ್ಮವರನ್ನು ಅಣ್ಣಾರ ಎನ್ನುತ್ತಾಳೆ, ಹಾಗಾಗಿ ನಾನು ಅವಳಿಗೆ ವೈನಿ, ಅತ್ತಿಗೆ.

ಅವಳ ಹತ್ತಿರ ಗಾಯದ ಕತೆ ಹೇಳಿ ಕಣ್ಣೊರೆಸಿಕೊಂಡೆ. ಅವಳು ನಡಿಗೆ ನಿಲ್ಲಿಸಲಿಲ್ಲ.

“ಅವರು ದವಾಖಾನಿಗೆ ಬರಂಗಿಲ್ಲ, ಹೌದಲ್ರಿ? ಹಂಗಾರ ದವಾಖಾನೀನ ಅವರ ಹಂತೇಕ ತರೋಣು. ಸಂಘದಾಗ ಒಂದು ಆರೋಗ್ಯ ಶಿಬಿರ ಮಾಡೋಣು. ಎಲ್ಲಾರಿಗೂ ಸಕ್ಕರಿ ತಪಾಸಣಿ. ಎಲ್ಲಾರ ಮುಂದ ಅಣ್ಣಾರು ಹೆಂಗ ಒಲ್ಲೆ ಅಂತಾರ ನೋಡೋಣು.”

ಹೀಗೆ ಒಬ್ಬ ಗಂಡಸನ್ನು ಹಿಡಿಯಲು ಇಡೀ ಊರಿಗೆ ಬಲೆ ಬೀಸಿದೆವು.

ಸಂಘದ ಸಭೆಯಲ್ಲಿ ವಿಷಯ ಇಟ್ಟೆವು. ಉದ್ಘಾಟನೆ ಯಾರ ಕೈಯಿಂದ, ದೀಪ ಬೆಳಗುವಾಗ ಫ್ಯಾನು ಬಂದ್ ಮಾಡುವವರು ಯಾರು, ಡಾಕ್ಟರಿಗೆ ಶಾಲೋ ಹಣ್ಣಿನ ಬುಟ್ಟಿಯೋ ಎಂದು ಅಧ್ಯಕ್ಷರು ಕೇಳಿದರು. ಸಕ್ಕರೆ ತಪಾಸಣೆ ಹೇಗೆ ಎಂದು ಯಾರೂ ಕೇಳಲಿಲ್ಲ. ಹಿಂದಿನ ಸಾಲಿನಿಂದ ನಮ್ಮವರ ಧ್ವನಿ ಬಂತು: “ಉಪಾಹಾರ ನನ್ನದು.” ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮೀನು ತಾನಾಗಿ ಬಲೆಯ ಹತ್ತಿರ ಬರುತ್ತಿದೆ ಎಂದುಕೊಂಡೆ.

ಡಾಕ್ಟರು ನವಿ ಮುಂಬೈಯ ಸೀವುಡ್ಸಿನ ಹುಡುಗಿ. ನಮ್ಮ ಕಡೆಯವರದೇ ಮಗಳು, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಹಿಂದಿನ ರಾತ್ರಿಯ ಊಟದ ನಂತರ ಏನೂ ತಿನ್ನಬಾರದು, ನೀರು ಬಿಟ್ಟು ಏನೂ ಕುಡಿಯಬಾರದು, ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದು ಅವಳು ಬಿಡಿಸಿ ಹೇಳಿದ್ದಳು. ನಾವು ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಹಾಕಿದೆವು. ಎಲ್ಲರೂ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು.

ಆ ಭಾನುವಾರ ನಾನು ಡಾಕ್ಟರನ್ನು ಕರೆತರಲು ಸ್ಟೇಷನ್ನಿಗೆ ಹೋದೆ. ಗೆಳತಿ ಶಿಬಿರದ ಮೇಜುಗಳನ್ನು ತರಲು ಹೋಗಿದ್ದಳು. ನಾವಿಬ್ಬರೂ ಇಲ್ಲದ ಆ ಸಮಯದಲ್ಲಿ ಆಗಬೇಕಾದ್ದು ಆಗಿಹೋಯಿತು. ಡಾಕ್ಟರನ್ನು ಕರೆದುಕೊಂಡು ಶಿಬಿರ ಇಟ್ಟಿದ್ದ ಶಾಲೆಯ ಹಾಲಿಗೆ ಕಾಲಿಟ್ಟರೆ, ಎದುರಿಗೆ ಸಾಲು ಕುರ್ಚಿ, ಕುರ್ಚಿಗೊಬ್ಬ ಮನುಷ್ಯ, ಮನುಷ್ಯನ ಕೈಯಲ್ಲೊಂದು ತಟ್ಟೆ. ಇಡ್ಲಿ, ವಡೆ, ಮೇಲಿಂದ ತುಪ್ಪ ಇಳಿಯುವ ಅನಾನಸ್ ಶೀರಾ. ನಡುವೆ ನಮ್ಮವರು ಹೆಗಲಿಗೆ ಟವೆಲು ಹಾಕಿಕೊಂಡು, ಚಟ್ನಿಯ ಬಕೆಟು ಹಿಡಿದು, ಇನ್ನೊಂದು ಸೌಟು ಬೇಕಾ ಎಂದು ಕೇಳುತ್ತ ತಿರುಗುತ್ತಿದ್ದಾರೆ.

ಡಾಕ್ಟರು ಬಾಗಿಲಲ್ಲೇ ನಿಂತಳು. “ಆಂಟಿ, ಯೇ ಸಬ್ ಖಾ ಚುಕೆ?” ಎಂದಳು ಸಣ್ಣ ದನಿಯಲ್ಲಿ. ಎಲ್ಲರೂ ತಿಂದೇ ಬಿಟ್ಟರಾ ಎಂದು.

ಮೊದಲ ಸಾಲಿನಲ್ಲಿ ಗೆಳತಿಯ ಕಡೆಯ ಹಿರಿಯರೊಬ್ಬರು ಕೂತಿದ್ದರು. ಬಟ್ಟೆ ವ್ಯಾಪಾರದವರು. ನನ್ನ ಮುಖ ನೋಡಿ ಅವರಿಗೆ ಸ್ವಲ್ಪ ಸಂಕೋಚವಾಯಿತು.

“ಖಾಲಿ ಹೊಟ್ಟೀಲೆ ಬರ್ರಿ ಅಂದಿದ್ರಿ, ಬಂದೇವ್ರಿ. ನಿಯತ್ತಿಲೆ ಬಂದೇವಿ. ತಿಂದಿದ್ದು ಇಲ್ಲಿ ಬಂದ ಮ್ಯಾಲೆ,” ಎಂದರು.

ಅವರ ಮಾತಿನಲ್ಲಿ ತಪ್ಪು ಹುಡುಕಿ ನೋಡೋಣ. ಅಷ್ಟರಲ್ಲಿ ಯಾರೋ ಡಾಕ್ಟರ ಕೈಗೇ ಒಂದು ತಟ್ಟೆ ಕೊಟ್ಟರು. ಊಟದ ನಂತರದ ಸಕ್ಕರೆಯನ್ನಾದರೂ ನೋಡೋಣ ಎಂದರೆ ಅದಕ್ಕೂ ಒಂದು ಹೊತ್ತುಗೊತ್ತು ಬೇಕಂತೆ. ಇಲ್ಲಿ ಕೆಲವರು ತಿಂದವರು, ಕೆಲವರು ತಿನ್ನುತ್ತಿರುವವರು, ಕೆಲವರು ಎರಡನೆಯ ಸಲ ಹಾಕಿಸಿಕೊಂಡವರು. ಕೊನೆಗೆ ರಕ್ತದೊತ್ತಡ ಮಾತ್ರ ನೋಡಿ, ಶಾಲು ಹೊದಿಸಿಕೊಂಡು, ಅವಳು ಸೀವುಡ್ಸಿಗೆ ಹಿಂದಿರುಗಿದಳು. ಹೋಗುವಾಗ ಇವರು ಅವಳ ಅಮ್ಮನಿಗೆಂದು ಶೀರಾದ ಡಬ್ಬಿ ಕಟ್ಟಿಕೊಟ್ಟರು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ನಾನು ಬಾಯಿ ತೆರೆದೆ. “ನಿಮಗೆ ಗೊತ್ತಿರಲಿಲ್ವಾ? ಪರೀಕ್ಷೆ ಮುಗಿದ ಮೇಲೆ ಕೊಡ್ಬೇಕು ಅಂತ ಹೇಳಿರಲಿಲ್ವಾ?”

“ಜನ ಬೆಳಿಗ್ಗೆ ಬೆಳಿಗ್ಗೆ ಒಣಗಿದ ಮುಖ ಮಾಡಿಕೊಂಡು ಕೂತಿದ್ದರು. ಡಬ್ಬಿಯಲ್ಲಿ ಇಡ್ಲಿ ಬಿಸಿ ಬಿಸಿ ಇದೆ. ನಾನು ಹೋಟೆಲಿನವ. ನೋಡಿಕೊಂಡು ಹೇಗೆ ಸುಮ್ಮನಿರ್ಲಿ? ನೀನೇ ಹೇಳು,” ಎಂದರು.

ಮಾತು ನಿಜವೇ ಇರಬಹುದು. ಜೊತೆಗೆ ತನ್ನ ಬೆರಳು ಸೂಜಿಗೆ ಸಿಗದೆ ಉಳಿಯಿತು ಎಂಬ ಖುಷಿಯೂ ಮುಖದ ಮೂಲೆಯಲ್ಲಿ ಇತ್ತು. ಅದನ್ನು ನಾನು ಗುರುತಿಸದೆ ಇರುವಷ್ಟು ಹೊಸ ಹೆಂಡತಿಯಲ್ಲ. ರಾತ್ರಿ, ಗಾಯ ಕಾಣದಿರಲೆಂದು ಹಾಕಿಕೊಂಡಿದ್ದ ಸಾಕ್ಸು ಬಿಚ್ಚಿದಾಗ ಅದು ಗಾಯಕ್ಕೆ ಅಂಟಿಕೊಂಡಿತ್ತು. ಎಳೆದು ತೆಗೆದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ನನಗೆ ಮಾತ್ರ ಚರ್ಮ ಕಿತ್ತ ಹಾಗಾಯಿತು.

ಗೆಳತಿ ಸೋಲು ಒಪ್ಪುವ ಜಾತಿಯಲ್ಲ. ಅದೇ ಡಾಕ್ಟರನ್ನು ಒಪ್ಪಿಸಿ, ಜೊತೆಗೊಬ್ಬ ನರ್ಸನ್ನೂ ಕರೆಸಿ, ಮರುವಾರವೇ ಇನ್ನೊಂದು ಶಿಬಿರ ಇಟ್ಟಳು. ಈ ಸಲ ಹಾಲಿನ ಬಾಗಿಲಿಗೆ ದಪ್ಪ ಅಕ್ಷರದಲ್ಲಿ ಬರೆದು ಹಚ್ಚಿದಳು: ಮೊದಲು ಬೆರಳು, ಆಮೇಲೆ ಇಡ್ಲಿ. ರಕ್ತ ಕೊಟ್ಟವರ ಬೆರಳಿಗೆ ನರ್ಸು ಒಂದು ಚೂರು ಹತ್ತಿ ಇಟ್ಟು ಬಿಳಿ ಕಾಗದದ ಪಟ್ಟಿ ಹಚ್ಚುವಳು. ಆ ಬೆರಳು ತೋರಿಸಿದವರಿಗೆ ಮಾತ್ರ ತಟ್ಟೆ. ತೋರಿಸದವರಿಗೆ ನೀರು.

ಈ ಕಾನೂನಿನ ಪೋಲೀಸು ಯಾರು? ನಮ್ಮವರೇ. ಕಳೆದ ಸಲದ ತಪ್ಪನ್ನು ತಿದ್ದಿಕೊಳ್ಳುತ್ತೇನೆ ಎಂದು ತಾವಾಗಿ ಮುಂದೆ ಬಂದರು. ಇಡ್ಲಿಯ ಡಬ್ಬಿಯ ಮುಂದೆ ನಿಂತು ಒಬ್ಬೊಬ್ಬರ ಬೆರಳನ್ನೂ ಕನ್ನಡಕ ಏರಿಸಿ ನೋಡುವರು. ಬೆರಳು ತೋರಿಸದೆ ತಟ್ಟೆಗೆ ಕೈಹಾಕಿದ ಅಧ್ಯಕ್ಷರನ್ನು ವಾಪಸು ಸಾಲಿಗೆ ಕಳಿಸಿದರು. ಸೂಜಿ ಎಂದರೆ ತಲೆ ತಿರುಗುತ್ತದೆ ಎಂದ ಒಬ್ಬರಿಗೆ, “ಎಂತ ಹೆದರಿಕೆ ಮಾರಾಯ್ರೇ, ಇರುವೆ ಕಚ್ಚಿದ ಹಾಗೆ ಅಷ್ಟೇ. ಇಲ್ಲಿ ನೋಡಿ, ನಾನೇ ಮೊದಲು ಮಾಡಿಸಿಕೊಂಡದ್ದು,” ಎಂದು ತಮ್ಮ ಬೆರಳು ಎತ್ತಿ ತೋರಿಸಿದರು. ಹತ್ತಿ ಇತ್ತು.

ದೂರದಿಂದ ಅದನ್ನು ನೋಡಿ ಹತ್ತಿರದ ಕುರ್ಚಿಯಲ್ಲಿ ಕೂತೆ. ಒಪ್ಪಿದರಲ್ಲ, ನನ್ನ ಕಣ್ಣು ತಪ್ಪಿಸಿಯಾದರೂ ಮಾಡಿಸಿಕೊಂಡರಲ್ಲ ಎಂದು ದೇವರಿಗೆ ಕೈಮುಗಿದೆ. ನನ್ನ ಸರದಿ ಬಂತು, ಬೆರಳು ಚುಚ್ಚಿಸಿಕೊಂಡೆ. ಗೆಳತಿಯೂ ನಾನೂ ತಟ್ಟೆ ಹಿಡಿದು ಸಾಲಿನಲ್ಲಿ ಬಂದೆವು. ಗೆಳತಿ ಮುಂದೆ, ನಾನು ಹಿಂದೆ. ಇವರು ಇಡ್ಲಿ ಹಾಕಲು ಕೈ ಚಾಚಿದರು. ಗೆಳತಿ ತಟ್ಟೆ ಹಿಂದೆಳೆದಳು.

“ಅಣ್ಣಾರ, ನಿಮ್ಮ ಬಟ್ಟ ತೋರಸ್ರಿ ಒಮ್ಮೆ.”

“ಬೆರಳಾ? ನೋಡಿಯಾಯ್ತಲ್ಲ.”

“ಎಲ್ಲಾರಿಗೂ ಬಿಳೇ ಕಾಗದದ ಪಟ್ಟಿ ಐತಿ. ನಿಮಗ್ಯಾಕ ಪ್ಲಾಸ್ಟಿಕ್ ಟೇಪು?”

ನಾನೂ ನೋಡಿದೆ. ಹೋಟೆಲಿನಲ್ಲಿ ಪಾರ್ಸಲ್ ಡಬ್ಬಿಯ ಮುಚ್ಚಳ ಬಿಚ್ಚದ ಹಾಗೆ ಹಚ್ಚುವ, ನೀರಿನಂತೆ ಆಚೆ ಕಾಣುವ ಟೇಪು. ಅದರೊಳಗೆ ಮಲ್ಲಿಗೆ ಮೊಗ್ಗಿನಷ್ಟು ಬಿಳಿ ಹತ್ತಿ, ಒಂದು ಚುಕ್ಕಿ ರಕ್ತವಿಲ್ಲ. ಇಡೀ ಊರಿನ ಬೆರಳು ಪರೀಕ್ಷೆ ಮಾಡಿದ ಮನುಷ್ಯ ತನ್ನ ಬೆರಳನ್ನು ಸಾಂಬಾರಿನ ಡಬ್ಬಿಯ ಹಾಗೆ ಪ್ಯಾಕ್ ಮಾಡಿಕೊಂಡು ಬಂದಿದ್ದರು.

ಯಾರೋ ನಕ್ಕರು. ನಗು ಸಾಲಿನ ಉದ್ದಕ್ಕೂ ಹೋಯಿತು. ಇವರೂ ನಗಲು ನೋಡಿದರು. “ನಂದು ಇನ್ನೊಮ್ಮೆ ಮಾಡುವ ಆಯ್ತಾ, ಈಗ ಇಡ್ಲಿ ತಣಿಯುತ್ತದೆ,” ಎಂದರು.

ನಗು ಬರದಿದ್ದದ್ದು ನನಗೊಬ್ಬಳಿಗೆ. ನನ್ನ ಮುಖ ನೋಡಿ ಗೆಳತಿ ತನ್ನ ಖಾಲಿ ತಟ್ಟೆಯನ್ನು ಮೇಜಿನ ಮೇಲೆ ಕವುಚಿ ಹಾಕಿದಳು. “ನೀವು ಬಟ್ಟ ಕೊಡೂ ತನಕ ನಾ ಉಣ್ಣಂಗಿಲ್ಲ,” ಎಂದಳು. ನಾನೂ ಕವುಚಿ ಹಾಕಿದೆ. ಹಿಂದೆ ನಿಂತಿದ್ದ ಬಟ್ಟೆ ವ್ಯಾಪಾರದ ಹಿರಿಯರು ತಮ್ಮ ತಟ್ಟೆಯನ್ನೊಮ್ಮೆ, ಇಡ್ಲಿಯನ್ನೊಮ್ಮೆ ನೋಡಿದರು. ನಿಟ್ಟುಸಿರು ಬಿಟ್ಟು ಅವರೂ ಕವುಚಿದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಆಗಲೇ ಅರ್ಧ ತಿಂದಿದ್ದ ಅಧ್ಯಕ್ಷರು ಮಾತ್ರ ತಟ್ಟೆಯನ್ನು ಕುರ್ಚಿಯ ಕೆಳಗೆ ಇಟ್ಟುಕೊಂಡರು.

ಒಬ್ಬ ಹೋಟೆಲಿನವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಡಬ್ಬಿಯ ತುಂಬ ಆವಿಯಾಡುವ ಇಡ್ಲಿ, ಎದುರಿಗೆ ಹಸಿದ ಜನ, ಯಾರೂ ತಿನ್ನುತ್ತಿಲ್ಲ. ಇವರು ಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು. ಚಟ್ನಿ ತಿರುವಿದರು. ಕೊನೆಗೆ ಟವೆಲಿನಲ್ಲಿ ಕೈ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಹೋಗಿ ನರ್ಸಿನ ಎದುರು ಕೂತರು. ಪಾರ್ಸಲ್ ಟೇಪನ್ನು ತಾವೇ ಬಿಚ್ಚಿ ಬೆರಳು ಚಾಚಿದರು.

ಯಂತ್ರ ತೋರಿಸಿದ ಸಂಖ್ಯೆಯನ್ನು ಡಾಕ್ಟರು ಬಾಯಿಬಿಟ್ಟು ಓದಲಿಲ್ಲ. ನನ್ನ ಕಡೆ ನೋಡಿದಳು. ನಾನು ಹತ್ತಿರ ಹೋಗಿ ಕಾಲಿನ ಕಡೆ ಬೆರಳು ಮಾಡಿದೆ.

“ಅಂಕಲ್, ಚಪ್ಪಲ್ ಉತಾರಿಯೇ,” ಎಂದಳು, ಚಪ್ಪಲಿ ಬಿಚ್ಚಿ ಎಂದು.

“ಅದು ಚಪ್ಪಲಿ ಕಚ್ಚಿದ್ದು. ನೋವೇ ಇಲ್ಲ,” ಎಂದರು ಇವರು, ಎಷ್ಟೋ ಅಭ್ಯಾಸವಾದ ಮಾತಿನ ಹಾಗೆ.

ಇಷ್ಟು ಕಾಲ ನನಗೂ ಆ ಮಾತಿನಲ್ಲಿ ಒಂದು ಸಮಾಧಾನವಿತ್ತು. ನೋವಿಲ್ಲವಲ್ಲ, ಹಾಗಾದರೆ ದೊಡ್ಡದೇನಿರಲಿಕ್ಕಿಲ್ಲ ಎಂದು. ನೋವೇ ಇಲ್ಲ ಎಂದು ಕೇಳಿದೊಡನೆ ಆ ಹುಡುಗಿಯ ಮುಖ ಬದಲಾಯಿತು. ಚೀಲದಿಂದ ಸಣ್ಣ ಹಿಡಿಯೊಂದನ್ನು ತೆಗೆದಳು. ಅದರ ತುದಿಯಲ್ಲಿ ಮೀನಿನ ಗಾಳದ ದಾರದಂಥ ಒಂದು ಎಳೆ. ಅದರಿಂದ ಮುಟ್ಟುತ್ತೇನೆ, ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದಾಗ ಹೌದು ಎನ್ನಿ ಎಂದಳು.

ಇವರು ಕಣ್ಣು ಮುಚ್ಚಿದರು. ಅವಳು ಹಿಮ್ಮಡಿಗೆ ಆ ಎಳೆಯನ್ನು ಒತ್ತಿದಳು. ಎಳೆ ಬಾಗಿತು. ಇವರು ಸುಮ್ಮನಿದ್ದರು. ಹೆಬ್ಬೆರಳಿಗೆ ಒತ್ತಿದಳು. ಸುಮ್ಮನಿದ್ದರು. ನಡು ಅಂಗಾಲಿಗೆ, ಕಿರುಬೆರಳ ಬುಡಕ್ಕೆ, ಗಾಯದ ಅಂಚಿಗೆ ಒತ್ತಿದಳು. ನಾನು ಬಾಯಿಗೆ ಸೆರಗು ಅಡ್ಡ ಹಿಡಿದೆ. ಇವರು ಇನ್ನೂ ಕಣ್ಣು ಮುಚ್ಚಿಕೊಂಡು, ಒಳ್ಳೆಯ ವಿದ್ಯಾರ್ಥಿಯ ಹಾಗೆ ಕಾಯುತ್ತಿದ್ದರು.

“ಮುಟ್ಟಿ ಡಾಕ್ಟ್ರೇ, ಮೊದಲು ಮುಟ್ಟಿ. ಮುಟ್ಟದೆ ನಾನು ಹೇಗೆ ಹೇಳುವುದು?” ಎಂದರು.

ಹಾಲಿನಲ್ಲಿ ನಗು ನಿಂತುಹೋಗಿತ್ತು. ಆ ನಿಶ್ಶಬ್ದಕ್ಕೇ ಇರಬೇಕು, ಇವರು ಕಣ್ಣು ಬಿಟ್ಟರು. ಎಳೆ ಪಾದದ ಮೇಲೆ ಬಾಗಿ ನಿಂತಿತ್ತು. ಅದನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

“ಅಣ್ಣನ ಹಾಗೆ ಆಗ್ತದಾ?” ಎಂದು ಕೇಳಿದರು, ತುಳುವಿನಲ್ಲಿ, ನನಗೆ ಮಾತ್ರ. ಸಂಸಾರ ಮಾಡಿದ ಇಷ್ಟು ವರ್ಷಗಳಲ್ಲಿ ಇವರು ಹೆದರಿಕೆಯನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಗುವುದಿಲ್ಲ ಎಂದೆ. ನನಗೇನು ಗೊತ್ತಿತ್ತು, ಆದರೂ ಹೇಳಿದೆ.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ನವಿ ಮುಂಬೈಯ ಒಂದು ಆಸ್ಪತ್ರೆ, ಸೂಜಿ, ಡ್ರೆಸ್ಸಿಂಗು, ಇನ್ಸುಲಿನ್. ಸಕ್ಕರೆ ಪಾದದ ನರಗಳನ್ನು ಮರಗಟ್ಟಿಸಿತ್ತು, ನೋವು ಗೊತ್ತಾಗದಿದ್ದದ್ದು ಅದಕ್ಕೇ ಅಂತೆ. ಕೀವು ಒಳಗೆ ಎಲುಬಿಗೆ ಇಳಿದಿತ್ತು. ಕಿರುಬೆರಳು ತೆಗೆಯಬೇಕು, ಉಳಿದದ್ದನ್ನು ಒಳಗೆ ನೋಡಿ ಹೇಳುತ್ತೇವೆ ಎಂದರು. ಭಾವನವರಿಗೂ ಮೊದಲು ಬೆರಳು ಎಂದೇ ಹೇಳಿದ್ದರು. ಅದು ನಮ್ಮಿಬ್ಬರಿಗೂ ನೆನಪಿತ್ತು. ಒಳಗೆ ಕರೆದುಕೊಂಡು ಹೋಗುವಾಗ ಇವರು ನನ್ನ ಕೈ ಹಿಡಿದು, “ನಾಳೆ ಉದ್ದು ನೆನೆಹಾಕ್ಲಿಕ್ಕೆ ಹೋಟೆಲಿಗೆ ಫೋನ್ ಮಾಡು,” ಎಂದರು. ಇಷ್ಟೇ. ನಾನು ಹೊರಗೆ ಬೆಂಚಿನ ಮೇಲೆ ಕೂತು, ಉದ್ದಿನ ವಿಷಯ ನೆನೆಸಿಕೊಂಡೇ ಅತ್ತೆ.

ಎಚ್ಚರವಾದಾಗ ಇವರು ಮೊದಲು ಕೇಳಿದ್ದು, “ಕಾಲು ಉಂಟಾ, ನೋಡು. ನನಗೆ ಗೊತ್ತಾಗುವುದಿಲ್ಲ.”

ಹೊದಿಕೆ ಎತ್ತಿ ತೋರಿಸಿದೆ. ಬಿಳಿ ಬ್ಯಾಂಡೇಜಿನ ದೊಡ್ಡ ಉಂಡೆ, ಅದರ ತುದಿಯಲ್ಲಿ ಇಣುಕುವ ಬೆರಳುಗಳು. ಒಂದು ಕಡಿಮೆ, ಅಷ್ಟೇ. ಇವರು ತುಂಬ ಹೊತ್ತು ನೋಡಿದರು. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

“ಆ ಶಿಬಿರ ನನಗೋಸ್ಕರ ಮಾಡಿದ್ದಲ್ವಾ ನೀವಿಬ್ಬರು?”

“ಇಲ್ಲಪ್ಪ. ಊರಿಗೋಸ್ಕರ.”

“ನನ್ನ ಒಂದು ಬೆರಳಿಗೆ ಚುಚ್ಚಲು ಊರಿಗೆಲ್ಲ ಚುಚ್ಚಿಸಿದಿಯಲ್ಲ,” ಎಂದು ನಿಧಾನವಾಗಿ ನಕ್ಕರು. ಅವರು ನಗುವಾಗ ನನಗೆ ಇನ್ನೂ ಸ್ವಲ್ಪ ಅಳು ಬಾಕಿ ಇತ್ತು, ಮುಗಿಸಿಕೊಂಡೆ.

ಊರಿಗೂ ನಷ್ಟವೇನಾಗಲಿಲ್ಲ. ಆ ದಿನ ಚುಚ್ಚಿಸಿಕೊಂಡವರಲ್ಲಿ ಬಟ್ಟೆ ವ್ಯಾಪಾರದ ಹಿರಿಯರಿಗೂ, ನಮ್ಮ ಅಧ್ಯಕ್ಷರಿಗೂ ಸಕ್ಕರೆ ಇರುವುದು ಗೊತ್ತಾಯಿತು. ಅಧ್ಯಕ್ಷರು ಈಗ ಹೆಂಗಸರ ವಾಕಿಂಗ್ ಗುಂಪಿನ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ, ಬೇರೆ ಕೆಲಸಕ್ಕೆ ಹೊರಟವರ ಹಾಗೆ ನಡೆಯುತ್ತಾರೆ. ಹೋಟೆಲಿನಲ್ಲಿ ಕುರ್ಚಿಯ ಮೇಲಿನ ಬಾಳೆಎಲೆ ಬೇರೆ ಕಡೆಗೆ ಹೋಯಿತು, ಅಲ್ಲಿ ಈಗ ನಮ್ಮವರು ಕೂರುತ್ತಾರೆ. ಕೂತು ಕೂತು ಮಾತು ಜಾಸ್ತಿಯಾಗಿದೆ ಎಂದು ಅಡುಗೆಯವರ ದೂರು. ಶಿಬಿರದ ಶೀರಾ ನಿಂತಿತು. ಅದಕ್ಕೆ ಮಾತ್ರ ಕೆಲವರು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಈಗ ಶಿಬಿರ ಆಗಾಗ ನಡೆಯುತ್ತದೆ, ಹೋಟೆಲಿನವರಿಗೆಂದೇ. ಠಾಣೆ, ಕಲ್ಯಾಣ್, ವಾಶಿಯ ಕಡೆಯಿಂದಲೂ ಬರುತ್ತಾರೆ. ಹಗಲಿಡೀ ನಿಂತು ದುಡಿಯುವವರು, ನೋವಾದರೂ ಹೇಳದವರು, ನೋವಾಗದಿದ್ದರೆ ಹೆಮ್ಮೆ ಪಡುವವರು. ಸಕ್ಕರೆ ನೋಡುವುದು ನರ್ಸು. ಅದಕ್ಕೂ ಮೊದಲು ಬಾಗಿಲ ಹತ್ತಿರ ಒಂದು ಸ್ಟೂಲು ಹಾಕಿಕೊಂಡು, ಡಾಕ್ಟರ ಹತ್ತಿರ ಕಲಿತುಕೊಂಡ ಆ ದಾರದ ಎಳೆ ಹಿಡಿದು, ಪಾದ ನೋಡುವುದು ನಮ್ಮವರು.

ಮೊನ್ನೆಯ ಭಾನುವಾರ ಕಲ್ಯಾಣಿನಿಂದ ಒಬ್ಬರು ಬಂದಿದ್ದರು. ಇವರಿಗಿಂತ ಸ್ವಲ್ಪ ದೊಡ್ಡವರು, ಹಳೆಯ ಹೋಟೆಲು. ಜೊತೆಗೆ ಬಂದ ಹೆಂಡತಿ ನನ್ನ ಹತ್ತಿರ ಬಂದು ನಿಂತರು. ನಾನು ಆ ಮುಖವನ್ನು ಕನ್ನಡಿಯಲ್ಲಿ ನೋಡಿದವಳು.

“ಪಾದ ಎಲ್ಲ ಎಂತಕ್ಕೆ? ಹಿಮ್ಮಡಿಯಲ್ಲಿ ಸ್ವಲ್ಪ ಒಡೆದಿದೆ. ಚಪ್ಪಲಿ ಕಚ್ಚಿದ್ದು. ನೋವೇ ಇಲ್ಲ,” ಎಂದರು ಕಲ್ಯಾಣಿನವರು.

“ಒಳ್ಳೆಯದಾಯ್ತು. ಕಣ್ಣು ಮುಚ್ಚಿಕೊಳ್ಳಿ ಅಣ್ಣಾ. ಮುಟ್ಟಿದಾಗ ಹೇಳಿ, ಸಾಕು,” ಎಂದರು ಇವರು.

ಅವರು ಕಣ್ಣು ಮುಚ್ಚಿದರು. ಇವರು ನಿಧಾನವಾಗಿ ಎಳೆಯನ್ನು ಒತ್ತಿದರು, ಹಿಮ್ಮಡಿಗೆ, ಅಂಗಾಲಿಗೆ, ಬೆರಳುಗಳಿಗೆ. ಆ ಹೆಂಗಸು ನನ್ನ ಮಣಿಕಟ್ಟು ಹಿಡಿದುಕೊಂಡರು.

“ಹ್ಞೂಂ, ಮುಟ್ಟಿ,” ಎಂದರು ಕಲ್ಯಾಣಿನವರು, ಕಣ್ಣು ಮುಚ್ಚಿಕೊಂಡೇ.

ಇವರು ತಲೆಯೆತ್ತಿ ಒಮ್ಮೆ ನನ್ನನ್ನು ನೋಡಿದರು. ಆಮೇಲೆ ತಮ್ಮ ಬಲಗಾಲಿನ ಚಪ್ಪಲಿ ಬಿಟ್ಟು, ಕಿರುಬೆರಳಿಲ್ಲದ ಪಾದವನ್ನು ಅವರ ಪಾದದ ಪಕ್ಕದಲ್ಲಿ ಇಟ್ಟರು.

“ಮುಟ್ಟಿ ಆಯ್ತು ಅಣ್ಣಾ. ಕಣ್ಣು ಬಿಡಿ.”

ಅವರು ಕಣ್ಣು ಬಿಟ್ಟರು. ಎರಡು ಪಾದಗಳನ್ನೂ ನೋಡಿದರು. “ಕಾಲು ಉಳೀತಾ?” ಎಂದು ಕೇಳಿದರು.

“ಉಳೀತು. ಇದರ ಮೇಲೆಯೇ ನಡೆದುಕೊಂಡು ಬಂದದ್ದು ಇವತ್ತು,” ಎಂದು ಇವರು ಅವರ ತೋಳಿಗೆ ಕೈಕೊಟ್ಟು ಎಬ್ಬಿಸಿದರು. “ಬನ್ನಿ, ಮೊದಲು ಡಾಕ್ಟ್ರ ಹತ್ರ ಹೋಗುವ. ಇಡ್ಲಿ ತಣಿಯದ ಹಾಗೆ ನಾನು ನೋಡಿಕೊಳ್ತೇನೆ.”